ಎಷ್‌ಬಾರ್ನಿನಲ್ಲಿ ಮಿಸೆಸ್ ಶೇನ್ ಅವರ ಗುಂಡಿ ಪರೀಕ್ಷೆ

ಫ್ರಾಂಕ್‌ಫರ್ಟ್, ಕಸ್ಟಮ್ಸ್ ಮೇಜಿನ ಮುಂದೆ

ಜರ್ಮನಿ ನನಗೆ ಕೇಳಿದ ಮೊದಲ ಪ್ರಶ್ನೆ ಅಂಟಿನ ಬಗ್ಗೆ. ಕಸ್ಟಮ್ಸ್ ಅಧಿಕಾರಿ ನನ್ನ ಸೂಟ್‌ಕೇಸ್ ತೆರೆದು, ಸೀರೆಗಳ ನಡುವಿನಿಂದ ಒಂದು ಕಿಲೋ ಅಂಟಿನ ಪೊಟ್ಟಣ ಎತ್ತಿ, ದೀಪಕ್ಕೆ ಹಿಡಿದು ನೋಡಿದ. ಹರಳು ಹರಳಾಗಿ ಹೊಳೆಯಿತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಅತ್ಯುತ್ತಮ ಇಂಗ್ಲಿಷಿನಲ್ಲಿ ನಾನು ವಿವರಿಸಿದೆ: ಇದು ಮರದ ಅಂಟು, ತುಪ್ಪದಲ್ಲಿ ಹುರಿದು ಉಂಡಿ ಕಟ್ಟಿ ಬಾಣಂತಿಗೆ ಕೊಡುತ್ತೇವೆ, ಸೊಂಟ ಗಟ್ಟಿಯಾಗುತ್ತದೆ. ಯಾರ ಸೊಂಟ ಎಂದು ಕೇಳಿದ. ನನ್ನ ತಂಗಿಯ ಮಗಳದು ಎಂದೆ. ಅವನು ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ಮೂಸಿ ನೋಡಿದ. ಕೊನೆಗೆ ನಾನೇ ಒಂದು ಹರಳು ಬಾಯಿಗೆ ಹಾಕಿಕೊಂಡು ಅವರ ಎದುರಿಗೇ ಅಗಿದೆ. ಇಬ್ಬರೂ ಎರಡು ನಿಮಿಷ ಕಾದರು. ನನಗೇನೂ ಆಗಲಿಲ್ಲ. ಪೊಟ್ಟಣ ವಾಪಸ್ ಬಂತು.

ಜರ್ಮನಿಯೂ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡಲು ಶುರು ಮಾಡಿದ ಮರುವರ್ಷ ಅದು. ನನ್ನ ತಂಗಿಯ ಮಗಳು ಅಪರ್ಣಾ, ಅವಳ ಗಂಡ ಸಂಜೀವ, ಇಬ್ಬರೂ ಧಾರವಾಡದವರು, ಆ ಕಾರ್ಡ್ ಹಿಡಿದು ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನಿಗೆ ಬಂದಿದ್ದರು. ಬಾಣಂತನಕ್ಕೆ ಬರಬೇಕಾಗಿದ್ದವಳು ನನ್ನ ತಂಗಿ. ಅವಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಹೀಗಾಗಿ ಮದುವೆಯನ್ನೇ ಆಗದ ಅರವತ್ತೊಂಬತ್ತರ ನಾನು ಹೊರಟೆ. ಹೆರಿಗೆಯ ಬಗ್ಗೆ ನನಗೆ ಗೊತ್ತಿದ್ದದ್ದು ಎರಡು ನೋಟ್‌ಬುಕ್ ಪುಟದಷ್ಟು. ತಲೆಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಗೊತ್ತಿತ್ತು. ಮೂವತ್ತೊಂದು ವರ್ಷ ಒಂದು ಸರಕಾರಿ ಆಸ್ಪತ್ರೆಯ ಟೆಸ್ಟಿಂಗ್ ರೂಮಿನಲ್ಲಿ ಕೂತು, ಮುಪ್ಪಿನಿಂದಲೋ ಪೆಟ್ಟಿನಿಂದಲೋ ಮಬ್ಬಾದವರ ಮುಂದೆ ಚೌಕಗಳನ್ನೂ ಕಾರ್ಡುಗಳನ್ನೂ ಜೋಡಿಸಿಟ್ಟು ಸ್ಟಾಪ್‌ವಾಚ್ ಒತ್ತುವುದು ನನ್ನ ನೌಕರಿಯಾಗಿತ್ತು. ರಿಟೈರ್ ಆಗಿ ಹನ್ನೊಂದು ವರ್ಷ. ಆ ಕೆಲಸ ಇನ್ನು ಮುಗಿಯಿತು ಅಂದುಕೊಂಡೇ ವಿಮಾನ ಹತ್ತಿದ್ದೆ.

ಎಷ್‌ಬಾರ್ನ್, ನಾಲ್ಕು ಡಬ್ಬಿಗಳ ಎದುರು

ಓದುಗರು ನದಿ, ಕೋಟೆ, ಚರ್ಚು ಕೇಳಬಹುದು. ಅವನ್ನೆಲ್ಲ ಒಂದೂವರೆ ದಿನದಲ್ಲಿ ನೋಡಿ ಮುಗಿಸಿದೆ. ಉಳಿದ ದಿನಗಳೆಲ್ಲ ಒಂದು ಅಪಾರ್ಟ್‌ಮೆಂಟಿನ ಮೂರು ಮಹಡಿಗಳ ನಡುವೆ ಕಳೆದವು. ಅದರಲ್ಲಿ ಹೆಚ್ಚಿನ ಪಾಲು ಕಸದ ಡಬ್ಬಿಗಳ ಮುಂದೆ.

ಡಬ್ಬಿ ನಾಲ್ಕು. ಕಾಗದಕ್ಕೊಂದು, ಪ್ಲಾಸ್ಟಿಕ್ ಪ್ಯಾಕೆಟ್ಟಿಗೊಂದು, ತರಕಾರಿ ಸಿಪ್ಪೆಗೊಂದು, ಎಲ್ಲೂ ಸಲ್ಲದ್ದಕ್ಕೊಂದು. ಬಾಟಲಿ ಬೇರೆ, ಅದಕ್ಕೆ ರಸ್ತೆಯ ತುದಿಗೆ ಹೋಗಬೇಕು, ಅದರಲ್ಲೂ ಬಿಳಿ, ಹಸಿರು, ಕಂದು. ಒಂದು ಟೀ ಬ್ಯಾಗ್ ಹಿಡಿದು ನಾನು ಎಷ್ಟೋ ಹೊತ್ತು ನಿಂತಿದ್ದೇನೆ. ಎಲೆ ಒಂದು ಕಡೆ, ದಾರ ಒಂದು ಕಡೆ, ಚೀಟಿ ಒಂದು ಕಡೆ, ಅದಕ್ಕೆ ಹೊಡೆದ ಪುಟ್ಟ ಪಿನ್ನು ಎಲ್ಲಿಗೆ?

"ಮೌಶಿ, ಇದು ಜರ್ಮನಿ" ಎಂದ ಸಂಜೀವ. "ಇಲ್ಲೆ ಕಸಕ್ಕೂ ಸಿಲಬಸ್ ಅದ. ನಾನು ಸುದ್ದಾ ಒಂದ ಸಲ ಫೇಲ್ ಆಗೇನಿ."

ನೆಲಮಹಡಿಯಲ್ಲಿ ಒಬ್ಬ ಒಂಟಿ ಹೆಂಗಸು ಇದ್ದಳು. ಅವಳು ನಮ್ಮ ಡಬ್ಬಿಗಳ ಮೇಲೆ ಕಣ್ಣಿಟ್ಟಿರುತ್ತಿದ್ದಳು. ನಾಲ್ಕನೆಯ ದಿನ ಅವಳು ನಾನು ಹಾಕಿದ ಹಾಲಿನ ಪ್ಯಾಕೆಟ್ಟನ್ನು ಕಾಗದದ ಡಬ್ಬಿಯಿಂದ ಹೊರತೆಗೆದು, ನನ್ನ ಕೈಗೆ ಕೊಟ್ಟು, ಸರಿಯಾದ ಡಬ್ಬಿಯನ್ನು ತೋರಿಸಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ನಾನು ತಲೆ ತಗ್ಗಿಸಿ ನಿಂತಾಗ ಪಕ್ಕದಲ್ಲಿ ಇನ್ನೊಂದು ತಲೆ ತಗ್ಗಿದ್ದು ಕಾಣಿಸಿತು. ನನ್ನಷ್ಟೇ ವಯಸ್ಸು, ನನ್ನ ಭುಜದೆತ್ತರ, ನೀಲಿ ಹತ್ತಿಯ ಕೋಟು, ಕೈಯಲ್ಲಿ ಹಿಂತಿರುಗಿ ಬಂದ ಮೊಟ್ಟೆಯ ಸಿಪ್ಪೆ. ಆ ಹೆಂಗಸು ಒಳಗೆ ಹೋದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಶೂ ಪಾಲಿಶ್ ಇಲ್ಲದೆ ಸಿಕ್ಕಿಬಿದ್ದ ಇಬ್ಬರು ಹುಡುಗಿಯರ ಹಾಗೆ ನಕ್ಕೆವು.

ಅವರು ಮಿಸೆಸ್ ಶೇನ್. ಮೊದಲನೆಯ ಮಹಡಿಯ ಮಿನ್‌ಳ ತಾಯಿ. ಮಿನ್ ಚೀನಾದ ಹುಡುಗಿ, ಸಂಜೀವನ ಆಫೀಸಿನವಳೇ, ಗಂಡ ಯೋರ್ಗ್ ಇಲ್ಲಿಯವನು. ಮಿನ್‌ಳಿಗೂ ಹದಿನೈದು ದಿನದ ಹಿಂದೆ ಹೆರಿಗೆಯಾಗಿತ್ತು. ಮಿಸೆಸ್ ಶೇನ್ ಕೂಡ ಬಾಣಂತನಕ್ಕೇ ಬಂದವರು, ಮೂರು ತಿಂಗಳ ವೀಸಾ, ನನ್ನ ಹಾಗೆಯೇ. ಅವರಲ್ಲೂ ಬಾಣಂತಿ ಒಂದು ತಿಂಗಳು ಹೊರಗೆ ಕಾಲಿಡುವುದಿಲ್ಲ, ತಣ್ಣೀರು ಮುಟ್ಟುವುದಿಲ್ಲ, ಗಾಳಿಗೆ ಒಡ್ಡಿಕೊಳ್ಳುವುದಿಲ್ಲ. ಇದನ್ನು ಕೇಳಿ ನನಗೆ ದೊಡ್ಡ ಬೆಂಬಲ ಸಿಕ್ಕಂತಾಯಿತು. ಕಿವಿಗೆ ಹತ್ತಿ ಇಟ್ಟುಕೊ ಎಂದರೆ ಕೇಳದ ಅಪರ್ಣಾಳಿಗೆ, ಇಡೀ ಚೀನಾ ದೇಶವೇ ನನ್ನ ಕಡೆ ಇದೆ ಎಂದೆ.

ನಮಗಿಬ್ಬರಿಗೂ ಒಂದು ಮಾತೂ ಸಮಾನವಾಗಿರಲಿಲ್ಲ. ಅವರು ಶುಂಠಿ ತೋರಿಸಿದರೆ ನಾನು ಅಜವಾನ ತೋರಿಸುತ್ತಿದ್ದೆ. ಅಷ್ಟರಲ್ಲೇ ಒಂದೊಂದು ಮಧ್ಯಾಹ್ನ ಸರಿದು ಹೋಗುತ್ತಿತ್ತು.

ಮೊದಲನೆಯ ಮಹಡಿ, ಸುಟ್ಟ ಪಾತ್ರೆ

ಒಂದು ಸೋಮವಾರ ಮಿನ್ ಅಳುತ್ತ ನಮ್ಮ ಮನೆಗೆ ಬಂದಳು. ಹಿಂದಿನ ವಾರ ಅವಳು ತಾಯಿ ಬೇಡವೆಂದರೂ ಹತ್ತು ನಿಮಿಷಕ್ಕೆಂದು ಔಷಧಿ ಅಂಗಡಿಗೆ ಹೋಗಿದ್ದಾಗ ತಾಯಿ ಒಲೆಯ ಮೇಲೆ ಸಾರಿನ ಪಾತ್ರೆ ಬಿಟ್ಟಿದ್ದರು. ಪಾತ್ರೆ ಸುಟ್ಟು ಕರಕಲಾಗಿ, ಮನೆ ತುಂಬ ಹೊಗೆ. ಪಕ್ಕದ ಕೋಣೆಯಲ್ಲಿ ಕೂಸು ಮಲಗಿತ್ತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಯೋರ್ಗ್ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷೆ ಮಾಡಿ, ಮೆದುಳಿನ ಎಕ್ಸಿಕ್ಯುಟಿವ್ ಫಂಕ್ಷನ್ ತೀರ ಕುಗ್ಗಿದೆ ಎಂದು ಬರೆದುಕೊಟ್ಟರು. ಯೋರ್ಗ್‌ನ ರಜೆ ಆ ವಾರ ಮುಗಿಯುತ್ತಿತ್ತು. ಶುಕ್ರವಾರದೊಳಗೆ ಟಿಕೆಟ್ ಬದಲಿಸಿ ಅತ್ತೆಯನ್ನು ಊರಿಗೆ ಕಳಿಸುವುದು, ಮಿನ್‌ಳಿಗೆ ಸಹಾಯಕ್ಕೆ ಬೇರೆ ಯಾರನ್ನಾದರೂ ಗೊತ್ತು ಮಾಡುವುದು ಎಂದು ಅವನು ನಿರ್ಧರಿಸಿದ್ದ. ತಿಂಗಳು ತುಂಬಲು ಇನ್ನೂ ಹನ್ನೆರಡು ದಿನ ಇತ್ತು.

"ಅಮ್ಮ ಒಂದು ಮಾತೂ ಆಡುತ್ತಿಲ್ಲ ಆಂಟಿ" ಎಂದಳು ಮಿನ್. "ಸೂಟ್‌ಕೇಸ್ ತೆಗೆದು ಹಾಸಿಗೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ತುಂಬುತ್ತಲೂ ಇಲ್ಲ, ಮುಚ್ಚುತ್ತಲೂ ಇಲ್ಲ."

ಎಕ್ಸಿಕ್ಯುಟಿವ್ ಫಂಕ್ಷನ್ ಎಂಬುದನ್ನು ಅಪರ್ಣಾಳಿಗೆ ನಾನು ಹೀಗೆ ತಿಳಿಸಿದೆ. ನೆನಪು ಎಂದರೆ ಮನೆಯ ಉಗ್ರಾಣ. ಇದು ಉಗ್ರಾಣವಲ್ಲ, ಮನೆಯ ಯಜಮಾನಿ. ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಆಮೇಲೆ, ಅನಿರೀಕ್ಷಿತವಾಗಿ ನಾಲ್ಕು ಜನ ಬಂದರೆ ಅಡುಗೆ ಹೇಗೆ ಬದಲಿಸಬೇಕು, ಬೇಡವಾದದ್ದನ್ನು ಎಲ್ಲಿ ನಿಲ್ಲಿಸಬೇಕು ಎಂದು ನೋಡುವವಳು. ಉಗ್ರಾಣ ತುಂಬಿದ್ದೂ ಯಜಮಾನಿ ದಣಿದಿರಬಹುದು.

ಮಿನ್ ಡಾಕ್ಟರ ಕಾಗದಗಳ ಪ್ರತಿ ತಂದಿದ್ದಳು. ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ಮೊದಲ ಹಾಳೆಯಲ್ಲಿ ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದು, ಎ, ಎರಡು, ಬಿ ಎಂದು ಗೆರೆ ಎಳೆದು ಸೇರಿಸುತ್ತ ಹೋಗಬೇಕು. ನಾಲ್ಕು ವರ್ಷ ಚೀನೀ ಶಾಲೆಗೆ ಹೋದ ಮಿಸೆಸ್ ಶೇನ್‌ಗೆ ಎ ಆದಮೇಲೆ ಬಿ ಬರುತ್ತದೆ ಎಂದು ಯಾರು ಹೇಳಿದ್ದರು? ಎರಡನೆಯದರಲ್ಲಿ 'ಎಸ್' ಅಕ್ಷರದಿಂದ ಶುರುವಾಗುವ ಮಾತುಗಳನ್ನು ಒಂದು ನಿಮಿಷದಲ್ಲಿ ಹೇಳಬೇಕು. ಅವರ ಬರವಣಿಗೆಯಲ್ಲಿ ಮಾತು ಅಕ್ಷರದಿಂದ ಶುರುವಾಗುವುದೇ ಇಲ್ಲ, ಇಡೀ ಮಾತೇ ಒಂದು ಚಿತ್ರ. ಸೊನ್ನೆ ಹಾಕಿದ್ದರು. ಮೂರನೆಯದು ಗಡಿಯಾರ ಬರೆಯುವುದು. ಅದು ಮಾತ್ರ ಅಚ್ಚುಕಟ್ಟಾಗಿತ್ತು.

ಡಾಕ್ಟರು ಕೆಟ್ಟವರಲ್ಲ. ಅವರ ಕಪಾಟಿನಲ್ಲಿ ಇದ್ದದ್ದನ್ನು ತೆಗೆದು ಕೊಟ್ಟಿದ್ದರು. ನಾನೂ ನೌಕರಿಯ ಮೊದಲ ವರ್ಷ ಪೆನ್ಸಿಲ್ಲನ್ನೇ ಹಿಡಿಯದ ಹೆಂಗಸರಿಗೆ ಇಂಗ್ಲಿಷಿನಿಂದ ಬಂದ ಪರೀಕ್ಷೆ ಕೊಟ್ಟು, ಅವರು ಸುಮ್ಮನೆ ಕೂತಾಗ ಸೊನ್ನೆ ಬರೆದಿದ್ದೇನೆ. ಆಮೇಲೆ ಕಾಳು, ಬಳೆ, ಸಂತೆಯ ದಾರಿ ಇವನ್ನೇ ಪರೀಕ್ಷೆ ಮಾಡಿಕೊಂಡೆವು. ಆ ಮೊದಲ ವರ್ಷದ ಸೊನ್ನೆಗಳು ಈಗಲೂ ಒಮ್ಮೊಮ್ಮೆ ನೆನಪಾಗುತ್ತವೆ.

ಇನ್ನೊಂದು ಮಾತು. ಆ ಮನೆಗಳ ಒಲೆಯಲ್ಲಿ ಉರಿಯೇ ಇಲ್ಲ. ಕರಿ ಗಾಜು, ಕೆಳಗೆ ಕರೆಂಟು. ನಾನೇ ಬಂದ ವಾರ ಎರಡು ಸಲ ಹಾಲು ಉಕ್ಕಿಸಿದ್ದೆ. ಮಿಸೆಸ್ ಶೇನ್ ನೂಲಿನ ಗಿರಣಿಯೊಂದರ ಊಟದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಮುಖ್ಯ ಅಡಿಗೆಯವರಾಗಿದ್ದವರು. ಆರು ಒಲೆ, ಇನ್ನೂರು ಎಲೆ. ಉರಿ ನೋಡಿ ಅಡಿಗೆ ಮಾಡಿದ ಕಣ್ಣಿಗೆ ಕರಿ ಗಾಜು ಏನು ಹೇಳೀತು?

ನಾನು ಆ ಸಂಜೆಯೇ ಕೆಳಗೆ ಹೋಗಿ ಯೋರ್ಗ್‌ನಿಗೆ ಹೇಳಿದೆ: ನಿನ್ನ ಅತ್ತೆಗೆ ನ್ಯಾಯವಾದ ಪರೀಕ್ಷೆ ಆಗಿಲ್ಲ, ನಾನು ಮಾಡುತ್ತೇನೆ, ಶುಕ್ರವಾರದವರೆಗೆ ಟಿಕೆಟ್ ಮುಟ್ಟಬೇಡ. ಅವನು ಎತ್ತರದ ಮನುಷ್ಯ, ನಿಧಾನವಾಗಿ ಮಾತಾಡುವವನು. ಡಾಕ್ಟರ ಕಾಗದವನ್ನು ಆಗಲೇ ಎರಡು ತೂತು ಹೊಡೆದು ಫೈಲಿಗೆ ಸೇರಿಸಿದ್ದ.

"ಅವರು ಪಾಸಾಗಬೇಕು ಅಂತ ನನಗೇನೂ ಇಲ್ಲ" ಎಂದ. "ನಿಜ ಏನು ಅಂತ ಗೊತ್ತಾಗಬೇಕು. ನೀವು ನಿಜವನ್ನೇ ಬರೆದುಕೊಡುತ್ತೀರಾ?"

ಬರೆದುಕೊಡುತ್ತೇನೆ ಎಂದೆ.

ಬುಧವಾರ, ಮಿನ್ ಮನೆಯ ಊಟದ ಮೇಜು

ಮಂಗಳವಾರ ಇಡೀ ದಿನ ಸಾಮಾನು ಹೊಂದಿಸಿದೆ. ಯೋರ್ಗ್‌ನ ತಾಯಿಯ ಹಳೆಯ ಬಿಸ್ಕಿಟ್ ಡಬ್ಬಿಯಲ್ಲಿ ಶರ್ಟಿನ, ಕೋಟಿನ, ಲಂಗದ ಗುಂಡಿಗಳು ತುಂಬಿದ್ದವು. ಕಾನ್ವೆಂಟಿನಲ್ಲಿ ಹೊಲಿಗೆಯ ಕ್ಲಾಸಿನಲ್ಲಿ ಮಾತಾಡಿದವರಿಗೆ ಶಿಕ್ಷೆಯೇ ಗುಂಡಿ ವಿಂಗಡಿಸುವುದು. ನಾನು ಬಹಳ ವಿಂಗಡಿಸಿದ್ದೇನೆ. ಆ ಡಬ್ಬಿಯ ವಾಸನೆಗೆ ಐವತ್ತೈದು ವರ್ಷ ಹಿಂದಕ್ಕೆ ಹೋಗಿ, ಮತ್ತೆ ಎಷ್‌ಬಾರ್ನಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಪರೀಕ್ಷೆಗಳು ಸರಳವಾಗಿದ್ದವು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲರು, ಅವರದೇ ಭಾಷೆಯಲ್ಲಿ. ಮಿನ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಎಣಿಸಿದಳು. ನಾವು ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುತ್ತೇವೆ. ಅವಳು ಹಾಗೆ ಎಣಿಸಲಿಲ್ಲ. ಐದು ಗೆರೆಯ ಒಂದು ಚೀನೀ ಅಕ್ಷರವನ್ನು ಒಂದೊಂದೇ ಗೆರೆಯಾಗಿ ಬರೆಯುತ್ತ ಹೋದಳು, ಅಕ್ಷರ ಪೂರ್ತಿಯಾದರೆ ಐದು. ಮಿಸೆಸ್ ಶೇನ್ ಮೊದಲು ತಮ್ಮ ಪಂಚಾಂಗದ ಹನ್ನೆರಡು ಪ್ರಾಣಿಗಳನ್ನು ಇಲಿಯಿಂದ ಹಂದಿಯವರೆಗೆ ಸರಾಗವಾಗಿ ಹೇಳಿ, ಆಮೇಲೆ ಮೀನಿನ ಅಂಗಡಿಗೆ ಹೊಕ್ಕರು. ಅಲ್ಲಿಂದ ಹೊರಬರುವಷ್ಟರಲ್ಲಿ ನಿಮಿಷ ಮುಗಿಯಿತು. ನಾಲ್ಕು ಅಕ್ಷರ ಪೂರ್ತಿ, ಮೇಲೆ ಮೂರು ಗೆರೆ.

ಎ, ಬಿ ಬದಲು ಬಿಳಿ ಸುತ್ತಿನ ಅಂಕಿ, ಕರಿ ಸುತ್ತಿನ ಅಂಕಿ. ಬಿಳಿ ಒಂದು, ಕರಿ ಎರಡು, ಬಿಳಿ ಮೂರು. ನಿಧಾನವಾಗಿ, ತಪ್ಪಿಲ್ಲದೆ ಮುಗಿಸಿದರು.

ಕೊನೆಗೆ ಗುಂಡಿ. ಮೂರು ಬಟ್ಟಲು. ಒಂದರ ಮುಂದೆ ಚಿಕ್ಕ ಕೆಂಪು ಗುಂಡಿ, ಒಂದರ ಮುಂದೆ ನಡು ಅಳತೆಯ ಬಿಳಿಯದು, ಒಂದರ ಮುಂದೆ ದೊಡ್ಡ ಕರಿಯದು. ಉಳಿದ ಗುಂಡಿಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಬೇಕು. ಬಣ್ಣ ನೋಡಿಯೋ ಅಳತೆ ನೋಡಿಯೋ ನಾನು ಹೇಳುವುದಿಲ್ಲ. ಹಾಕಿದ ಮೇಲೆ ಮಿನ್ ಕಲಿಸಿಕೊಟ್ಟ ಹಾಗೆ ಸರಿಯಾದರೆ 'ದುಯ್', ತಪ್ಪಾದರೆ 'ಬು ದುಯ್' ಎನ್ನುತ್ತೇನೆ. ಹತ್ತು ಸರಿಯಾದ ಮೇಲೆ, ಹೇಳದೆ ಕೇಳದೆ, ನಿಯಮ ಬದಲಿಸುತ್ತೇನೆ. ಯಜಮಾನಿ ಎಚ್ಚರವಾಗಿದ್ದರೆ ಒಂದೆರಡು ತಪ್ಪಿನಲ್ಲಿ ದಾರಿ ಬದಲಿಸಿಕೊಳ್ಳುತ್ತಾಳೆ. ಇಲ್ಲದಿದ್ದರೆ ಹಳೆಯ ದಾರಿಯಲ್ಲೇ ನಡೆಯುತ್ತಿರುತ್ತಾಳೆ.

ಮಿಸೆಸ್ ಶೇನ್ ಗುಂಡಿ ಹಿಡಿದು, ಬಟ್ಟಲಿನ ಮೇಲೆ ಕೈ ತಡೆದು, ತಲೆ ಎತ್ತಿ ಒಂದು ಕ್ಷಣ ಯೋಚಿಸಿ, ಹಾಕುತ್ತಿದ್ದರು. ನಿಯಮ ಬದಲಿಸಿದೆ. ಒಂದೇ ತಪ್ಪು, ಸರಿಪಡಿಸಿಕೊಂಡರು. ಮತ್ತೆ ಬದಲಿಸಿದೆ. ಮತ್ತೆ ಒಂದೇ. ಯೋರ್ಗ್‌ನಿಗೆ ಏನೆಂದು ಬರೆಯಬೇಕು ಎಂಬ ಇಂಗ್ಲಿಷ್ ವಾಕ್ಯ ಆಗಲೇ ನನ್ನ ತಲೆಯಲ್ಲಿ ತಯಾರಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ನೋವೂ ಇರಲಿಲ್ಲ.

ಅಪರ್ಣಾ ತನ್ನ ಕೂಸಿನೊಂದಿಗೆ ಕೆಳಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ನೋಡಿದ್ದಳು. ಮೇಲೆ ಬಂದು ಬಾಗಿಲು ಹಾಕಿದ ಮೇಲೆ ಹೇಳಿದಳು.

"ಮೌಶಿ, ಸಿಟ್ಟಾಗಬ್ಯಾಡ್ರಿ. ಅವರು ಗುಂಡಿ ನೋಡಲಿಕ್ಕತ್ತಿರಲಿಲ್ಲ."

"ಮತ್ತೇನ್ ನೋಡಲಿಕ್ಕತ್ತಿದ್ರು?"

"ನಿಮ್ಮ ಮಾರಿ."

ನನ್ನ ಮುಖವಂತೆ! ನಾನು ಸಿಟ್ಟಾದೆ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದವಳಿಗೆ ನೀನು ಕಲಿಸುತ್ತೀಯಾ ಎಂದೆ. ಅವಳು ಹತ್ತು ಚಮಚ, ಎರಡು ಬಟ್ಟಲು ತಂದು ಮೇಜಿನ ಮೇಲಿಟ್ಟು, ನನಗೆ ಮನಸ್ಸಿನಲ್ಲೇ ಒಂದು ನಿಯಮ ಇಟ್ಟುಕೊಳ್ಳಲು ಹೇಳಿದಳು. ಬಟ್ಟಲಿನ ಮೇಲೆ ಚಮಚ ಹಿಡಿದು ನನ್ನನ್ನೇ ನೋಡಿದಳು. ಹತ್ತಕ್ಕೆ ಹತ್ತೂ ಸರಿ ಹಾಕಿದಳು.

"ತಪ್ಪ ಬಟ್ಟಲಕ್ಕ ಕೈ ಹೋತಂದ್ರ ನೀವು ಚಸ್ಮಾ ಮ್ಯಾಲೆ ಸರಸ್ತೀರಿ" ಎಂದಳು. "ಸರಿ ಬಟ್ಟಲಕ್ಕ ಹೋದ್ರ ಉಸಿರು ಬಿಡ್ತೀರಿ."

ನೌಕರಿಯಲ್ಲಿ ನನ್ನ ಮುಖ ಬಾಗಿಲು ಹಾಕಿದ ಅಂಗಡಿಯಂತಿರುತ್ತಿತ್ತು. ಅದಕ್ಕೆ ನನಗೆ ಹೆಸರೇ ಇತ್ತು. ಆದರೆ ಅಲ್ಲಿ ಯಾರು ಗೆದ್ದರೂ ಸೋತರೂ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಇಲ್ಲಿ ನಾನು ಮಿಸೆಸ್ ಶೇನ್ ಗೆಲ್ಲಲಿ ಎಂದು ಹಾರೈಸುತ್ತಿದ್ದೆ. ಆ ಹಾರೈಕೆ ನನ್ನ ಕನ್ನಡಕವನ್ನು ಎತ್ತಿ ಇಳಿಸಿತ್ತು.

ಗುರುವಾರ, ಬೆನ್ನ ಹಿಂದಿನ ಸ್ಟೂಲು

ಮತ್ತೆ ಪರೀಕ್ಷೆ ಎಂದಾಗ ಮಿಸೆಸ್ ಶೇನ್ ಯಾಕೆ ಎಂದು ಕೇಳಲಿಲ್ಲ. ಕೈ ತೊಳೆದು ಬಂದು ಕೂತರು. ನಾನು ಎದುರಿಗೆ ಕೂರದೆ ಒಂದು ಸ್ಟೂಲು ಎಳೆದುಕೊಂಡು ಅವರ ಬೆನ್ನ ಹಿಂದೆ, ಭುಜದ ಮೇಲಿಂದ ಬಟ್ಟಲು ಕಾಣುವಂತೆ ಕೂತೆ. ಮಿನ್‌ಳನ್ನು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ನನ್ನ ದನಿಯೂ ಏರದಂತೆ, ಇಳಿಯದಂತೆ ಎಚ್ಚರ ವಹಿಸಿದೆ. ಮುಖ ನೋಡಬೇಡಿ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ. ಅವರು ಒಮ್ಮೆ ಹಿಂತಿರುಗಿ ನನ್ನನ್ನು ನೋಡಿ, ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ಮುಂದಕ್ಕೆ ತಿರುಗಿದರು.

ಬಣ್ಣದಿಂದ ಶುರು ಮಾಡಿದೆ. ಹತ್ತು ಸರಿ. ನಿಯಮ ಬದಲಿಸಿ ಅಳತೆಗೆ ತಂದೆ.

'ಬು ದುಯ್' ಎಂದೆ. ಕೆಂಪು ಗುಂಡಿ ಮತ್ತೆ ಕೆಂಪಿಗೆ ಹೋಯಿತು. 'ಬು ದುಯ್' ಎಂದೆ. ಬಿಳಿಯದು ಬಿಳಿಗೆ. 'ಬು ದುಯ್.' ಕೈ ಒಂದು ಸಲ ದೊಡ್ಡ ಗುಂಡಿಯ ಬಟ್ಟಲಿನವರೆಗೆ ಹೋಗಿ, ಅಲ್ಲಿ ನಿಂತು, ವಾಪಸ್ ಬಣ್ಣಕ್ಕೇ ಬಂತು. ಹದಿಮೂರು ಸಲ ನಾನು ಆ ಎರಡು ಮಾತು ಹೇಳಿದೆ. ಹದಿನಾಲ್ಕನೆಯದಕ್ಕೆ ಅವರು ಗುಂಡಿಯನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಏನೋ ಅಂದರು.

ಮಿನ್ ಕಿಟಕಿಯ ಕಡೆಯಿಂದಲೇ ಇಂಗ್ಲಿಷಿನಲ್ಲಿ ಹೇಳಿದಳು: "ಎಲ್ಲಿ ಹಾಕಬೇಕು ಅಂತ ಗೊತ್ತಿದೆಯಂತೆ. ಕೈ ಕೇಳುತ್ತಿಲ್ಲವಂತೆ."

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗೊತ್ತಿದ್ದೂ ಕೈ ನಿಲ್ಲದಿರುವುದು. ಉಗ್ರಾಣ ಭರ್ತಿ ಇದ್ದು, ಯಜಮಾನಿ ಒಂದು ಕ್ಷಣ ತಡವಾಗಿ ಬರುವುದು. ಅಡಿಗೆಮನೆಯಲ್ಲೂ ನೋಡಿದೆ. ಅನ್ನ, ಮೊಟ್ಟೆ, ಟೀ ಮೂರನ್ನೂ ಒಂದೇ ಹೊತ್ತಿಗೆ ಸಿದ್ಧ ಮಾಡಿ ಎಂದಾಗ ಎಷ್ಟು ಚೆನ್ನಾಗಿ ಲೆಕ್ಕ ಹಾಕಿ ಒಂದೊಂದನ್ನೇ ಏರಿಸಿದರೆಂದರೆ ನಾನೇ ಕಲಿಯಬೇಕಿತ್ತು. ನಡುವೆ ಮಿನ್ ಬಂದು, ಮೊಟ್ಟೆ ಬೇಡ, ಆ ಒಲೆ ಆರಿಸಿ ಎಂದಳು. ಆರಿಸಿದರು. ಅನ್ನ ಕೆದಕಿದರು. ಮತ್ತೆ ಮೊಟ್ಟೆಯ ಒಲೆ ಹಚ್ಚಿದರು.

ಹಾಗಾದರೆ ಸಾರಿನ ಪಾತ್ರೆ ಸುಟ್ಟದ್ದು ಕರಿ ಗಾಜಿನ ತಪ್ಪೊಂದೇ ಅಲ್ಲ. ಡಾಕ್ಟರ ಪರೀಕ್ಷೆ ತಪ್ಪಾಗಿತ್ತು. ಆದರೆ ಅವರ ಉತ್ತರದಲ್ಲಿ ಒಂದು ಪಾಲು ಸರಿಯಾಗಿತ್ತು.

ಸಂಜೆ ಮೇಲೆ ಬಂದು ಎರಡೂ ದಿನದ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ಬುಧವಾರದ್ದನ್ನು ಮಾತ್ರ ಕೊಟ್ಟರೆ ಯಾರೂ ಕೇಳುವವರಿರಲಿಲ್ಲ. ಮಿನ್ ಕೇಳುತ್ತಿರಲಿಲ್ಲ, ಅವಳಿಗೆ ತಾಯಿ ಬೇಕು. ಅಪರ್ಣಾ ಕೂಸಿಗೆ ಎಣ್ಣೆ ಹಚ್ಚುತ್ತ ನನ್ನ ಕಡೆ ನೋಡದೆ ಇದ್ದಳು. ಕೊನೆಗೆ ನಾನೇ ಕೇಳಿದೆ, ಏನು ಮಾಡಲಿ ಎಂದು.

"ನಿಮಗ ಗೊತ್ತದ ಮೌಶಿ" ಎಂದಳು. "ಆ ಮನ್ಯಾಗೂ ಒಂದು ಕೂಸದ."

ಹಾಳೆಗಳನ್ನು ಮತ್ತೆ ಮತ್ತೆ ನೋಡಿದೆ. ಆಗ ಒಂದು ಹೊಳೆಯಿತು. ಬುಧವಾರದ್ದು ಸುಳ್ಳಲ್ಲ. ಬುಧವಾರ ಮಿಸೆಸ್ ಶೇನ್ ನಿಜಕ್ಕೂ ದಾರಿ ಬದಲಿಸಿಕೊಂಡಿದ್ದರು, ಎರಡೆರಡು ಸಲ. ಎದುರಿಗೆ ಒಂದು ಮುಖ ಇದ್ದಾಗ ಅವರ ಕೈ ಮಾತು ಕೇಳಿತ್ತು. ಮುಖ ಇಲ್ಲದಾಗ ಕೇಳಲಿಲ್ಲ. ನನ್ನ ತಪ್ಪಿನಿಂದ ಕೆಟ್ಟುಹೋಯಿತು ಅಂದುಕೊಂಡ ಪರೀಕ್ಷೆಯೇ, ಇವರಿಗೆ ಏನು ಆಸರೆ ಬೇಕು ಎಂಬುದನ್ನು ತೋರಿಸಿತ್ತು. ಎರಡೂ ಹಾಳೆ ಕೊಡಬೇಕು. ನನ್ನ ಕನ್ನಡಕದ ವಿಷಯವನ್ನೂ ಬರೆಯಬೇಕು.

ಶುಕ್ರವಾರ, ಫೈಲಿನ ಮುಂದೆ

ಯೋರ್ಗ್ ಫೈಲು ತಂದು ಮೇಜಿನ ಮೇಲಿಟ್ಟ. ಮೇಜಿನ ಸುತ್ತ ಐದು ಜನ: ಅವನು, ಮಿನ್, ಮಿಸೆಸ್ ಶೇನ್, ಅಪರ್ಣಾ, ನಾನು. ನಾನು ಇಂಗ್ಲಿಷಿನಲ್ಲಿ ಓದಿದೆ, ಮಿನ್ ತಾಯಿಗೆ ಚೀನೀ ಭಾಷೆಯಲ್ಲಿ ಹೇಳುತ್ತ ಹೋದಳು. ಗುರುವಾರದ ಗುಂಡಿಯ ಭಾಗ ಬಂದಾಗ ಅವಳು ನಿಲ್ಲಿಸಿದಳು. ಮಿಸೆಸ್ ಶೇನ್ ಅವಳ ತೋಳು ಮುಟ್ಟಿ, ಹೇಳು ಎಂಬಂತೆ ಕಣ್ಣು ಮಾಡಿದರು. ಹದಿಮೂರು ಎಂಬ ಸಂಖ್ಯೆಯನ್ನು ಅವಳು ಬಹಳ ಮೆಲ್ಲಗೆ ಹೇಳಿದಳು.

ನನ್ನ ಕನ್ನಡಕದ ಕಥೆ ಕೇಳಿದಾಗ ಮಾತ್ರ ಮಿಸೆಸ್ ಶೇನ್ ನಕ್ಕರು. ಊಟದ ಮನೆಯ ಕಿಂಡಿಯಲ್ಲಿ ನಿಂತು ಇಪ್ಪತ್ತೆರಡು ವರ್ಷ ಅವರು ಉಪ್ಪು ನೋಡಿದ್ದು ನಾಲಿಗೆಯಿಂದಲ್ಲವಂತೆ, ಮೊದಲ ತುತ್ತು ತಿಂದವರ ಮುಖದಿಂದ. ಮುಖ ನೋಡುವುದು ಮೋಸ ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ನಾನು ಹಿಂದೆ ಹೋಗಿ ಕೂತಾಗಲೇ ಗೊತ್ತಾದದ್ದು.

ಯೋರ್ಗ್ ಎರಡೂ ಹಾಳೆ ತಿರುವಿ ನೋಡಿದ. ಹಾಗಾದರೆ ಡಾಕ್ಟರು ಹೇಳಿದ್ದೇ ಸರಿ ಎಂದಂತಾಯಿತಲ್ಲ ಎಂದ. ಅಲ್ಲ, ಡಾಕ್ಟರು ಅವರಿಂದ ಏನೂ ಆಗುವುದಿಲ್ಲ ಎಂದಿದ್ದಾರೆ, ಇದರಲ್ಲಿ ಏನು ಆಗುತ್ತದೆ ಏನು ಆಗುವುದಿಲ್ಲ ಎಂದಿದೆ ಎಂದೆ. ಅವನು ಇನ್ನೂ ಯೋಚಿಸುತ್ತಿದ್ದಾಗ ಮಿಸೆಸ್ ಶೇನ್ ಎದ್ದು ನಿಂತರು. ಅಳಿಯನ ಕಡೆ ತಿರುಗಿ, ಒಂದೊಂದೇ ವಾಕ್ಯ ಹೇಳಿ, ಮಗಳು ಅದನ್ನು ಹೇಳಿ ಮುಗಿಸುವವರೆಗೂ ಕಾದು, ಮುಂದಿನದನ್ನು ಹೇಳಿದರು.

"ನನ್ನ ಅಡಿಗೆಮನೆಯಲ್ಲಿ ಕೈ ನಡುಗುವವರು ಇರುತ್ತಿದ್ದರು. ಅವರನ್ನು ನಾನು ಎಣ್ಣೆಯ ಬಾಣಲೆಯ ಮುಂದೆ ನಿಲ್ಲಿಸುತ್ತಿರಲಿಲ್ಲ. ಮನೆಗೂ ಕಳಿಸುತ್ತಿರಲಿಲ್ಲ. ಹಿಟ್ಟಿನ ಹತ್ತಿರ ಕೂರಿಸುತ್ತಿದ್ದೆ." ಕೊನೆಯ ವಾಕ್ಯವನ್ನು ಮಿನ್ ಗಂಡನ ಕಡೆ ನೋಡದೆ ಹೇಳಿದಳು. "ನನ್ನನ್ನು ಹಿಟ್ಟಿನ ಹತ್ತಿರ ಕೂರಿಸು."

ಯೋರ್ಗ್ ಫೈಲು ತೆರೆದ. ಆಮೇಲೆ ಒಂದು ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆದ. ಆ ದೇಶದಲ್ಲಿ ಪ್ರೀತಿಯೂ ಎರಡು ಕಾಲಮ್ಮಿನಲ್ಲಿ ಬರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಎಡಗಡೆ, ಅವರೊಬ್ಬರೇ ಮಾಡುವುದು: ಕೂಸನ್ನು ಎತ್ತುವುದು, ಮಲಗಿಸುವುದು, ಮಿನ್‌ಳಿಗೆ ಬೆನ್ನು ತಿಕ್ಕುವುದು, ತರಕಾರಿ, ಹಿಟ್ಟು. ಬಲಗಡೆ, ಯಾರಾದರೂ ಎದುರಿಗಿದ್ದಾಗ ಮಾತ್ರ: ಒಲೆ. ಯಾರು ಎಂದು ಕೇಳಿದ. ಹನ್ನೊಂದರಿಂದ ಒಂದು ಗಂಟೆಯವರೆಗೆ ನಾನು ಎಂದೆ. ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿ ಬರೆದುಕೊಂಡ. ಹಾಳೆಗೆ ಎರಡು ತೂತು ಹೊಡೆದು ಡಾಕ್ಟರ ಕಾಗದದ ಮೇಲೆ ಸೇರಿಸಿದ. ಟಿಕೆಟ್ ಇದ್ದ ತಾರೀಖಿಗೇ ಉಳಿಯಿತು. ತಾಯಿಯ ಭಾಷೆ ಬಲ್ಲ ಡಾಕ್ಟರನ್ನು ಫ್ರಾಂಕ್‌ಫರ್ಟಿನಲ್ಲಿ ಹುಡುಕುವ ಕೆಲಸ ಮಿನ್ ತೆಗೆದುಕೊಂಡಳು.

ಆ ಸಂಜೆ ಮಿಸೆಸ್ ಶೇನ್ ಸೂಟ್‌ಕೇಸನ್ನು ಹಾಸಿಗೆಯಿಂದ ಇಳಿಸಿ ಕಪಾಟಿನ ಮೇಲಿಟ್ಟರಂತೆ.

ತಿಂಗಳು ತುಂಬಿದ ದಿನ

ಕೂಸಿಗೆ ತಿಂಗಳು ತುಂಬಿದರೆ ಅವರು ಮೊಟ್ಟೆ ಬೇಯಿಸಿ ಕೆಂಪು ಬಣ್ಣ ಹಚ್ಚಿ ಹಂಚುತ್ತಾರೆ. ಜೀವಮಾನದಲ್ಲಿ ಮೊಟ್ಟೆ ಮುಟ್ಟದ ನಾನು ಅಂದು ಮೂವತ್ತು ಮೊಟ್ಟೆಗಳ ಮುಂದೆ ನಿಂತಿದ್ದೆ. ಮಿಸೆಸ್ ಶೇನ್ ಒಲೆ ಹಚ್ಚುವ ಮೊದಲು ನನ್ನ ಕಡೆ ನೋಡಿದರು. ಆರಿಸುವ ಮೊದಲು ನೋಡಿದರು. ನಾನು ಕನ್ನಡಕವನ್ನು ಬೇಕೆಂದೇ ಮೇಲೆ ಕೆಳಗೆ ಮಾಡುತ್ತ ನಿಂತೆ. ಒಂದು ಮೊಟ್ಟೆಯೂ ಒಡೆಯಲಿಲ್ಲ. ನೆಲಮಹಡಿಯ ಹೆಂಗಸಿಗೂ ಎರಡು ಹೋದವು. ಸಿಪ್ಪೆ ಯಾವ ಡಬ್ಬಿಗೆ ಎಂದು ಈ ಸಲ ನಾವಿಬ್ಬರೂ ಅವಳಿಗೆ ತೋರಿಸಿದೆವು.

ಮಧ್ಯಾಹ್ನ ಎಲ್ಲ ಮಲಗಿದ ಮೇಲೆ ಮಿಸೆಸ್ ಶೇನ್ ಬಿಸ್ಕಿಟ್ ಡಬ್ಬಿ ತಂದರು. ಮೂರು ಬಟ್ಟಲು ಇಟ್ಟರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸ್ಟೂಲು ಎಳೆದುಕೊಂಡು ನನ್ನ ಬೆನ್ನ ಹಿಂದೆ ಕೂತರು. ನಾನೇ ಕಟ್ಟಿದ ಪರೀಕ್ಷೆ, ನನಗೇನು ಭಯ ಎಂದುಕೊಂಡೆ. ಮೊದಲು ಬಣ್ಣ. ಸರಿ. ಆಮೇಲೆ ಅಳತೆ. ತಕ್ಷಣ ಹಿಡಿದೆ. ಆಮೇಲೆ 'ಬು ದುಯ್' ಕೇಳಿಸಿತು. ಬಣ್ಣಕ್ಕೆ ಹೋದೆ. 'ಬು ದುಯ್.' ಮತ್ತೆ ಅಳತೆ. 'ಬು ದುಯ್.' ಬೆನ್ನ ಹಿಂದೆ ಒಂದು ಮುಖ ಇದೆ, ಅದು ನನಗೆ ಕಾಣುವುದಿಲ್ಲ. ಮೂವತ್ತೊಂದು ವರ್ಷ ನಾನು ಎಷ್ಟು ಜನರನ್ನು ಹೀಗೆ ಕೂರಿಸಿದ್ದೆನಲ್ಲ ಎಂದು ಬೆವರಿದೆ. ಆಮೇಲೆ ಹೊಳೆಯಿತು: ಅವರು ಗುಂಡಿಯ ತೂತು ಎಣಿಸುತ್ತಿದ್ದರು. ಎರಡು ತೂತಿನದು ಒಂದು ಕಡೆ, ನಾಲ್ಕರದು ಇನ್ನೊಂದು ಕಡೆ. ಆ ನಿಯಮವನ್ನು ಅವರೇ ಹೊಸದಾಗಿ ಹುಟ್ಟಿಸಿದ್ದರು.

'ದುಯ್' ಎಂದರು. ನನ್ನ ಮುಂದೆ ಬಂದು ಒಂದು ಚೀಟಿ ಇಟ್ಟರು. ಅದರಲ್ಲಿ, ಕೊನೆಯ ನಿಯಮದಲ್ಲಿ ನಾನು ಮಾಡಿದ ಮೂರು ತಪ್ಪಿಗೆ, ಅವರ ಎಣಿಕೆಯ ಅಕ್ಷರದ ಮೊದಲ ಮೂರು ಗೆರೆ.

ಆ ಚೀಟಿ ಈಗ ಧಾರವಾಡದಲ್ಲಿ ನನ್ನ ಮೇಜಿನ ಗಾಜಿನ ಕೆಳಗಿದೆ. ಅಕ್ಷರ ಪೂರ್ತಿಯಾಗಲು ಇನ್ನೂ ಎರಡು ಗೆರೆ ಬೇಕು. ನನಗೆ ಅವಸರವಿಲ್ಲ. ಅಲ್ಲಿಯವರೆಗೆ ಹಾಲು ಕಾಯಿಸುವಾಗ ಕೆಲಸದ ಶಾಂತಾಳನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಯಾಕ್ರೀ ಬಾಯಾರ, ನನ್ನ ಮಾರಿ ಹಂಗ ನೋಡ್ತೀರಿ ಎಂದು ಅವಳು ಕೇಳುತ್ತಾಳೆ. ಸುಮ್ಮನೆ ಕೂಡು ಎನ್ನುತ್ತೇನೆ.